ಮೂತ್ರಪಿಂಡದ ಕಲ್ಲು: ಅಳತೆಯ ಕ್ಯಾನ್ ನನಗೆ ಕಲಿಸಿದ್ದು

2004ರ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಸಿಂಧನೂರು ಸೀಮೆಯ ನನ್ನ ದವಾಖಾನೆಯಲ್ಲಿ ಜ್ವರ ಬಂದಿದ್ದ ಮಗುವೊಂದರ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಿದ್ದಾಗ, ನನ್ನ ಎಡ ಪಕ್ಕೆಯ ಹಿಂಬದಿಯಲ್ಲಿ ಒಳಗಿನಿಂದ ಹಿಂಡಿದಂತಾಯಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ನೋವು ಸೊಂಟದಿಂದ ಹೊಟ್ಟೆಯ ಬದಿಗೆ, ಅಲ್ಲಿಂದ ತೊಡೆಸಂದಿಗೆ ಇಳಿಯಿತು. ಕುಳಿತರೂ ನಿಂತರೂ ಮಗ್ಗುಲು ಬದಲಿಸಿದರೂ ಸಮಾಧಾನವಿಲ್ಲ, ಮೈಯೆಲ್ಲ ಬೆವೆತು ಎರಡು ಸಲ ವಾಂತಿಯಾಯಿತು. ಇದೇ ನೋವಿನಿಂದ ಒದ್ದಾಡುತ್ತ ಬಂದವರನ್ನು ನಾನು ಎಂಟು ವರ್ಷಗಳಿಂದ ನೋಡುತ್ತ ಬಂದಿದ್ದೆ, ಆದರೆ ಅವರು ಹಾಸಿಗೆಯ ಮೇಲೆ ಯಾಕೆ ಒಂದು ಕ್ಷಣವೂ ಸುಮ್ಮನೆ ಮಲಗಲಾರರು ಎಂಬುದು ಅಂದು ತಿಳಿಯಿತು. ನರ್ಸ್ ಕೊಟ್ಟ ಡೈಕ್ಲೋಫೆನಾಕ್ ಇಂಜೆಕ್ಷನ್ ಅರ್ಧ ಗಂಟೆಯಲ್ಲಿ ನೋವನ್ನು ಇಳಿಸಿತು, ಮತ್ತು ಇವತ್ತಿಗೂ ನನ್ನ ಬಳಿ ಬರುವವರಿಗೆ, ಮೂತ್ರಪಿಂಡದ ಕೆಲಸ ಸರಿಯಿದ್ದು ಹೊಟ್ಟೆಹುಣ್ಣು, ಅಲರ್ಜಿ, ಗರ್ಭ ಇತ್ಯಾದಿ ಅಡ್ಡಿಗಳಿಲ್ಲದಿದ್ದರೆ, ಮೊದಲು ಕೊಡುವ ಔಷಧ ಆ ಗುಂಪಿನದೇ ಆಗಿದೆ.

ಕಲ್ಲು ಚುಚ್ಚುವುದರಿಂದ ನೋವಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ, ಆದರೆ ಕಾರಣ ಬೇರೆ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಸುಮಾರು 25 ಸೆಂಟಿಮೀಟರ್ ಉದ್ದ, ಒಳಗಿನ ಹಾದಿ ಕೇವಲ ಮೂರು-ನಾಲ್ಕು ಮಿಲಿಮೀಟರ್ ಅಗಲ. ಅದರಲ್ಲಿ ಕಲ್ಲು ಸಿಕ್ಕಿಕೊಂಡಾಗ ಮೇಲಿನಿಂದ ಬರುವ ಮೂತ್ರ ಹಿಂದಕ್ಕೆ ನಿಂತು, ನಾಳವೂ ಮೂತ್ರಪಿಂಡದ ಹೊದಿಕೆಯೂ ಉಬ್ಬುತ್ತವೆ. ನಾಳದ ಸ್ನಾಯು ಕಲ್ಲನ್ನು ತಳ್ಳಲು ಅಲೆಅಲೆಯಾಗಿ ಬಿಗಿಯುತ್ತದೆ. ನೋವು ಬಂದು ಹೋಗಿ ಮತ್ತೆ ಬರುವುದು ಇದೇ ಕಾರಣಕ್ಕೆ. ಆದ್ದರಿಂದ ನೋವು ಜೋರಾಗಿರುವಾಗ ಕಲ್ಲನ್ನು ನೂಕಿಬಿಡುತ್ತದೆಂದು ಕೊಡಗಟ್ಟಲೆ ನೀರು ಕುಡಿಸುವುದರಿಂದಾಗಲಿ, ಬಾಟಲಿಯ ಮೇಲೆ ಬಾಟಲಿ ಗ್ಲೂಕೋಸ್ ಏರಿಸುವುದರಿಂದಾಗಲಿ ಕಲ್ಲು ಬೇಗ ಇಳಿಯುವುದಿಲ್ಲ. ವಾಂತಿಯಿಂದ ಮೈಯ ನೀರು ಇಂಗಿದ್ದರೆ ಅದನ್ನು ತುಂಬಿಕೊಟ್ಟರೆ ಸಾಕು. ನೀರಿನ ನಿಜವಾದ ಕೆಲಸ ನೋವು ನಿಂತ ಮೇಲೆ ಆರಂಭವಾಗುತ್ತದೆ.

ನನ್ನ ಕಲ್ಲು 4 ಮಿಲಿಮೀಟರ್ ಇತ್ತು. 5 ಮಿಲಿಮೀಟರ್‌ಗಿಂತ ಚಿಕ್ಕದಾಗಿ ನಾಳಕ್ಕೆ ಇಳಿದ ಮೂರು ಕಲ್ಲುಗಳಲ್ಲಿ ಸುಮಾರು ಎರಡು ತಾವಾಗಿಯೇ ಹೊರಬೀಳುತ್ತವೆ. ನನ್ನದು ಒಂಬತ್ತನೆಯ ದಿನ ಬಿತ್ತು. ನಾನು ಅದನ್ನು ಹಿಡಿದಿಡಲಿಲ್ಲ, ಪರೀಕ್ಷೆಗೂ ಕಳಿಸಲಿಲ್ಲ. ಕಲ್ಲು ಹೋಯಿತು, ರೋಗವೂ ಹೋಯಿತು ಎಂಬ ಎಣಿಕೆಯಲ್ಲಿ ಮುಂದಿನ ನಾಲ್ಕು ವರ್ಷಗಳನ್ನು, ರೋಗಿಗಳಿಗೆ ಎಲ್ಲರೂ ಹೇಳುತ್ತಿದ್ದ ಪಥ್ಯವನ್ನೇ ಪಾಲಿಸುತ್ತ ಕಳೆದೆ: ಟೊಮೆಟೊ ಬಿಟ್ಟೆ, ಪಾಲಕ್ ಬಿಟ್ಟೆ, ಕಲ್ಲಿನಲ್ಲಿ ಕ್ಯಾಲ್ಸಿಯಂ ಇರುತ್ತದೆಂದು ಊಟದ ಜೊತೆಯ ಹಾಲು-ಮೊಸರು ಬಿಟ್ಟೆ, ನೀರನ್ನು ಚೆನ್ನಾಗಿಯೇ ಕುಡಿಯುತ್ತಿದ್ದೇನೆಂದು ನಂಬಿದ್ದೆ. 2008ರ ಮೇ ತಿಂಗಳಲ್ಲಿ ಮತ್ತೆ ಅದೇ ಪಕ್ಕೆ ಹಿಡಿಯಿತು. ಈ ಸಲದ ಕಲ್ಲು 8 ಮಿಲಿಮೀಟರ್ ಇದ್ದು, ಮೂತ್ರನಾಳದ ಮೇಲಿನ ಭಾಗದಲ್ಲಿ ಸಿಕ್ಕಿಕೊಂಡು ಅಲ್ಲಾಡಲಿಲ್ಲ. ಹುಬ್ಬಳ್ಳಿಗೆ ಹೋಗಿ ದೂರದರ್ಶಕದಂಥ ಸಣ್ಣ ನಳಿಕೆಯನ್ನು ಮೂತ್ರದ್ವಾರದಿಂದಲೇ ಮೇಲೇರಿಸಿ, ಲೇಸರ್‌ನಿಂದ ಕಲ್ಲನ್ನು ಪುಡಿಮಾಡಿಸಿಕೊಂಡು ಬಂದೆ. ಒಳಗೆ ಎರಡು ವಾರ ಸ್ಟೆಂಟ್, ಅಂದರೆ ಮೂತ್ರ ಸರಾಗವಾಗಿ ಇಳಿಯಲೆಂದು ನಾಳದೊಳಗೆ ಇಡುವ ಸಣ್ಣ ಕೊಳವೆ, ಇತ್ತು. ಸ್ಟೆಂಟ್ ಇದ್ದಷ್ಟು ದಿನ ಮೂತ್ರ ಹೊಯ್ಯುವಾಗಲೆಲ್ಲ ಪಕ್ಕೆಗೆ ಎಳೆದಂತಾಗುವುದು, ಮೇಲಿಂದ ಮೇಲೆ ಹೋಗಬೇಕೆನಿಸುವುದು, ನಡೆದಾಡಿದರೆ ಮೂತ್ರ ಕೆಂಪಾಗುವುದು ಇವೆಲ್ಲ ಸಾಮಾನ್ಯವೆಂದು ಮೊದಲೇ ಹೇಳಿದ್ದರೆ ರೋಗಿಗೆ ಎಷ್ಟೋ ಧೈರ್ಯವಿರುತ್ತದೆ. ಅದನ್ನು ನಾನು ಈಗ ಯಾರಿಗೂ ಹೇಳದೆ ಕಳಿಸುವುದಿಲ್ಲ.

ಶಸ್ತ್ರಚಿಕಿತ್ಸೆ ಮಾಡಿದ ಮೂತ್ರರೋಗ ತಜ್ಞರು ಪುಟ್ಟ ಡಬ್ಬಿಯಲ್ಲಿ ಕಲ್ಲಿನ ಚೂರುಗಳನ್ನು ಕೊಟ್ಟು, ಇದನ್ನು ವಿಶ್ಲೇಷಣೆಗೆ ಕಳಿಸಿ, ಆರು ವಾರ ಬಿಟ್ಟು ಎಂದಿನ ಊಟ, ಎಂದಿನ ಕೆಲಸದ ದಿನವೊಂದನ್ನು ಆರಿಸಿಕೊಂಡು 24 ಗಂಟೆಯ ಮೂತ್ರವನ್ನು ಸಂಗ್ರಹಿಸಿ ಎಂದರು. ಎಂಟು ವರ್ಷ, ಮತ್ತೆ ನಾಲ್ಕು ವರ್ಷ, ಒಟ್ಟು ಹನ್ನೆರಡು ವರ್ಷದ ವೈದ್ಯಕೀಯದಲ್ಲಿ ಒಬ್ಬ ರೋಗಿಗೂ ನಾನು ಆ ಪರೀಕ್ಷೆ ಬರೆದುಕೊಟ್ಟಿರಲಿಲ್ಲ. ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರವನ್ನು ಹೊರಗೆ ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ ಒಂದು ಹನಿಯೂ ಚೆಲ್ಲದಂತೆ ಐದು ಲೀಟರಿನ ಕ್ಯಾನಿಗೆ ತುಂಬಬೇಕು. ದವಾಖಾನೆಯ ಹಿಂದಿನ ಶೌಚಾಲಯದಲ್ಲಿ ಕ್ಯಾನ್ ಇಟ್ಟುಕೊಂಡು ಎಂದಿನಂತೆ ರೋಗಿಗಳನ್ನು ನೋಡಿದೆ, ಕುಡಿದ ನೀರನ್ನೂ ಬಾಟಲಿಯ ಲೆಕ್ಕದಲ್ಲಿ ಬರೆದಿಟ್ಟೆ.

ಅಂದು ನಾನು ಕುಡಿದ ನೀರು, ಚಹಾ, ಮಜ್ಜಿಗೆ ಎಲ್ಲ ಸೇರಿ ಮೂರೂಮುಕ್ಕಾಲು ಲೀಟರ್. ಕ್ಯಾನಿನಲ್ಲಿ ಇದ್ದದ್ದು 1,150 ಮಿಲಿಲೀಟರ್. ಉಳಿದದ್ದೆಲ್ಲ ನಮ್ಮ ಸೀಮೆಯ ಬಿಸಿಲಿನಲ್ಲಿ, ಕರೆಂಟ್ ಹೋದಾಗ ನಿಂತ ಫ್ಯಾನಿನ ಕೆಳಗೆ, ಬೆವರಾಗಿ ಮತ್ತು ಉಸಿರಾಗಿ ಹೋಗಿತ್ತು. ವರದಿಯ ಉಳಿದ ಸಾಲುಗಳು ಇನ್ನೂ ಹೆಚ್ಚು ಕಲಿಸಿದವು. ಸೋಡಿಯಂ 240 ಮಿಲಿಮೋಲ್ ಇತ್ತು, ಅಂದರೆ ದಿನಕ್ಕೆ ಸುಮಾರು 14 ಗ್ರಾಂ ಉಪ್ಪು ನನ್ನ ಹೊಟ್ಟೆ ಸೇರುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಂ. ಕ್ಯಾಲ್ಸಿಯಂ 290 ಮಿಲಿಗ್ರಾಂ, ಗಡಿಯ ಹತ್ತಿರ. ಕಲ್ಲು ಕಟ್ಟದಂತೆ ತಡೆಯುವ ಸಿಟ್ರೇಟ್ 210 ಮಿಲಿಗ್ರಾಂ ಮಾತ್ರ, 320ಕ್ಕಿಂತ ಮೇಲಿರಬೇಕಿತ್ತು. ಪಾಲಕ್ ಸೊಪ್ಪನ್ನು ನಾಲ್ಕು ವರ್ಷ ಮುಟ್ಟದ ನನ್ನ ಮೂತ್ರದಲ್ಲಿ, ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ಆಕ್ಸಲೇಟ್ 52 ಮಿಲಿಗ್ರಾಂ, ಇರಬೇಕಾದುದಕ್ಕಿಂತ ಹೆಚ್ಚು. ಕಲ್ಲಿನ ವಿಶ್ಲೇಷಣೆ ಕ್ಯಾಲ್ಸಿಯಂ ಆಕ್ಸಲೇಟ್ ಮಾನೋಹೈಡ್ರೇಟ್ ಎಂದು ಬಂತು.

ಆ ಕಾಗದವನ್ನು ಮುಂದಿಟ್ಟುಕೊಂಡು ಎಷ್ಟೋ ಹೊತ್ತು ಕುಳಿತಿದ್ದೆ. ಬಿಡಬೇಕಾದದ್ದನ್ನು ಬಿಟ್ಟಿರಲಿಲ್ಲ, ಬಿಡಬಾರದ್ದನ್ನು ಬಿಟ್ಟಿದ್ದೆ. ಹಾಲು-ಮೊಸರಿನ ಕ್ಯಾಲ್ಸಿಯಂ ಊಟದ ಜೊತೆ ಕರುಳಿನಲ್ಲಿದ್ದರೆ ಅದು ಅಲ್ಲಿಯೇ ಆಕ್ಸಲೇಟನ್ನು ಹಿಡಿದುಕೊಂಡು ಮಲದ ಮೂಲಕ ಹೊರಗೆ ಹೋಗುತ್ತದೆ. ನಾನು ಊಟದಲ್ಲಿ ಮೊಸರು ಬಿಟ್ಟಿದ್ದರಿಂದ ಹಿಡಿಯುವವರಿಲ್ಲದ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಬರುತ್ತಿತ್ತು. ಉಪ್ಪು ಹೆಚ್ಚಾದಾಗ ಮೂತ್ರಪಿಂಡ ಸೋಡಿಯಂ ಅನ್ನು ಹೊರಹಾಕುವಾಗ ಅದರ ಬೆನ್ನಿಗೆ ಕ್ಯಾಲ್ಸಿಯಂ ಕೂಡ ಹೊರಟುಬಿಡುತ್ತದೆ. ಈ ಎರಡೂ ಒಂದು ಲೀಟರಿನಷ್ಟು ಮೂತ್ರದಲ್ಲಿ ಎದುರಾದರೆ ಹರಳುಗಟ್ಟುವುದು ಸಹಜ. ಇಟಲಿಯ ಪಾರ್ಮಾದ ವೈದ್ಯರು ಇದನ್ನು ನನಗಿಂತ ಮೊದಲೇ ತೋರಿಸಿಕೊಟ್ಟಿದ್ದರು. 2002ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಮತ್ತೆಮತ್ತೆ ಕಲ್ಲಾಗುತ್ತಿದ್ದ 120 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕ್ಯಾಲ್ಸಿಯಂ ಕಡಿಮೆಯಿರುವ ಊಟ, ಇನ್ನೊಂದಕ್ಕೆ ಕ್ಯಾಲ್ಸಿಯಂ ಎಂದಿನಷ್ಟೇ ಇದ್ದು ಉಪ್ಪು ಮತ್ತು ಮಾಂಸ ಕಡಿಮೆಯಿರುವ ಊಟ ಕೊಟ್ಟರು. ಐದು ವರ್ಷದಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಜನರಿಗೆ ಕಲ್ಲು ಮರಳಿತು, ಉಪ್ಪು ಕಡಿಮೆ ಮಾಡಿದ 60 ಜನರಲ್ಲಿ 12 ಜನರಿಗೆ. ಇದೇ ತಂಡ 1996ರಲ್ಲಿ, ಮೊದಲ ಸಲ ಕಲ್ಲಾದ 199 ಜನರಲ್ಲಿ, ಹೆಚ್ಚು ನೀರು ಕುಡಿದು ದಿನಕ್ಕೆ ಎರಡು ಲೀಟರ್ ಮೂತ್ರ ಹೋಗುವಂತೆ ನೋಡಿಕೊಂಡವರಿಗೆ ಐದು ವರ್ಷದಲ್ಲಿ ಮರಳಿದ್ದು ಶೇ. 12, ಉಳಿದವರಿಗೆ ಶೇ. 27 ಎಂದು ತೋರಿಸಿತ್ತು.

ಉಪ್ಪು ಎಲ್ಲಿಂದ ಬರುತ್ತಿತ್ತು ಎಂದು ಹುಡುಕಲು ಒಂದು ವಾರ ಮನೆಯಾಕೆಯ ಜೊತೆ ಅಡುಗೆಮನೆಯಲ್ಲಿ ನಿಂತೆ. ಸಾರು-ಪಲ್ಯದ ಉಪ್ಪು ಅಷ್ಟೇನೂ ಇರಲಿಲ್ಲ. ಜೋಳದ ರೊಟ್ಟಿಯ ಜೊತೆಗಿನ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಮಾವಿನ ಉಪ್ಪಿನಕಾಯಿ, ಸಂಜೆಯ ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ, ಊಟದ ಕೊನೆಯ ಹಪ್ಪಳ, ಇವುಗಳಲ್ಲಿ ಅದು ಅಡಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬಿಸಿಲಿಗೆ ತಂಪೆಂದು ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಿದ್ದ ಮಜ್ಜಿಗೆಗೆ ಚಿಟಿಕೆ ಎಂದು ಹಾಕುತ್ತಿದ್ದ ಉಪ್ಪು ಚಿಟಿಕೆಯಾಗಿರಲಿಲ್ಲ. ಮಜ್ಜಿಗೆಯನ್ನು ಬಿಡಲಿಲ್ಲ; ಉಪ್ಪಿನ ಬದಲು ಜೀರಿಗೆ ಪುಡಿ ಮತ್ತು ಕರಿಬೇವು ಹಾಕಿಸಿಕೊಂಡೆ. ಉಪ್ಪಿನಕಾಯಿಯನ್ನು ಮೇಜಿನಿಂದ ತೆಗೆದು ಕಪಾಟಿನಲ್ಲಿಟ್ಟೆವು. ಇಲ್ಲೊಂದು ಎಚ್ಚರಿಕೆಯನ್ನು ಹೇಳಬೇಕು: ಮೇ ತಿಂಗಳಲ್ಲಿ ದಿನವಿಡೀ ಹೊಲದಲ್ಲಿ ಬೆವರು ಸುರಿಸುವವರಿಗೆ ನೆರಳಿನಲ್ಲಿ ಕುಳಿತು ಕೆಲಸ ಮಾಡುವ ನನ್ನ ಉಪ್ಪಿನ ಲೆಕ್ಕ ಹೊಂದುವುದಿಲ್ಲ, ಅವರ ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಹೀಗಾಗಿ ಅಳತೆಯಿಲ್ಲದೆ ಎಲ್ಲರಿಗೂ ಒಂದೇ ಪಥ್ಯ ಹೇಳುವುದನ್ನು ನಾನು ನಿಲ್ಲಿಸಿದೆ.

ಮಧ್ಯಾಹ್ನದ ಊಟಕ್ಕೆ ಒಂದು ಬಟ್ಟಲು ಮೊಸರು, ರಾತ್ರಿಯೂ ಅರ್ಧ ಬಟ್ಟಲು ಮರಳಿ ಬಂದವು. ಸಿಟ್ರೇಟ್ ಹೆಚ್ಚಲೆಂದು ಬೆಳಿಗ್ಗೆ ಒಂದು, ಸಂಜೆ ಒಂದು ಲಿಂಬೆಯನ್ನು ದೊಡ್ಡ ಲೋಟದ ನೀರಿಗೆ ಹಿಂಡಿ, ಉಪ್ಪು-ಸಕ್ಕರೆ ಹಾಕದೆ ಕುಡಿಯಲಾರಂಭಿಸಿದೆ. ವಿಜಯಪುರ ಜಿಲ್ಲೆಯ ಇಂಡಿಯ ಲಿಂಬೆ ನಮ್ಮ ಸಂತೆಗೆ ಬರುವುದರಿಂದ ಇದಕ್ಕೇನೂ ತೊಂದರೆಯಿರಲಿಲ್ಲ. ನೀರನ್ನು ಬಾಟಲಿಯ ಲೆಕ್ಕದಲ್ಲಿ ಕುಡಿಯುವುದನ್ನು ಬಿಟ್ಟು, ಕ್ಯಾನ್ ತುಂಬುವ ಲೆಕ್ಕದಲ್ಲಿ ಕುಡಿದೆ. ಪ್ರತಿ ತಿಂಗಳ ಒಂದು ಭಾನುವಾರ, ಮತ್ತು ಕೆಲಸದ ದಿನವೊಂದರಲ್ಲಿ, ಒಂದು ವರ್ಷ ಅಳೆದೆ. ಮೇ ತಿಂಗಳಲ್ಲಿ ಎರಡೂವರೆ ಲೀಟರ್ ಮೂತ್ರ ಹೋಗಬೇಕಾದರೆ ನನಗೆ ಐದು ಲೀಟರ್ ಹತ್ತಿರ ಕುಡಿಯಬೇಕಿತ್ತು. ಡಿಸೆಂಬರಿನಲ್ಲಿ ಮೂರು ಲೀಟರ್ ಸಾಕಾಗುತ್ತಿತ್ತು. ದಿನಕ್ಕೆ ಇಷ್ಟು ಲೋಟ ಎಂಬ ಉಪದೇಶ ಯಾಕೆ ಸೋಲುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಂಡಿತು. ಮೂತ್ರ ಅತ್ಯಂತ ಗಟ್ಟಿಯಾಗುವುದು ರಾತ್ರಿಯಾದ್ದರಿಂದ ಮಲಗುವ ಮುಂಚೆ ಒಂದು ದೊಡ್ಡ ಲೋಟ, ನಡುರಾತ್ರಿ ಎದ್ದಾಗ ಇನ್ನೊಂದು ಲೋಟ ಕುಡಿಯುವುದನ್ನೂ ರೂಢಿ ಮಾಡಿಕೊಂಡೆ. ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಮೂತ್ರ 2,350 ಮಿಲಿಲೀಟರ್, ಸೋಡಿಯಂ 130, ಕ್ಯಾಲ್ಸಿಯಂ 240, ಆಕ್ಸಲೇಟ್ 35, ಸಿಟ್ರೇಟ್ 340 ಎಂದು ಬಂತು. ಒಂದು ಮಾತ್ರೆಯನ್ನೂ ನುಂಗಿರಲಿಲ್ಲ.

ಇದಾದ ಮೇಲೆ ದವಾಖಾನೆಯಲ್ಲಿ ಖಾಲಿ ಕ್ಯಾನ್‌ಗಳನ್ನು ತರಿಸಿಟ್ಟುಕೊಂಡೆ. ಕ್ಯಾಲ್ಸಿಯಂ, ಸಿಟ್ರೇಟ್ ಎಲ್ಲವನ್ನೂ ಅಳೆಸುವುದು ಎಲ್ಲರ ಕೈಗೆ ಎಟುಕುವ ಖರ್ಚಲ್ಲ, ಮಾದರಿಯನ್ನು ದೊಡ್ಡ ಊರಿಗೆ ಕಳಿಸಬೇಕು. ಮತ್ತೆಮತ್ತೆ ಕಲ್ಲಾಗುವವರಿಗೆ, ಒಂದೇ ಮೂತ್ರಪಿಂಡ ಇರುವವರಿಗೆ, ಮಕ್ಕಳಿಗೆ ಅದನ್ನು ಒತ್ತಾಯಿಸುತ್ತೇನೆ. ಎಷ್ಟು ಮೂತ್ರ ಹೋಗುತ್ತದೆ ಎಂದು ಅಳೆಯಲು ಮಾತ್ರ ಯಾರಿಗೂ ದುಡ್ಡು ಬೇಡ. ಕ್ಯಾನ್ ಒಯ್ಯಲು ಸಂಕೋಚಪಡುವವರಿಗೆ ಬಣ್ಣ ನೋಡಲು ಹೇಳುತ್ತೇನೆ: ಒಣಹುಲ್ಲನ್ನು ನೆನೆಸಿಟ್ಟ ನೀರಿನಂತೆ ತಿಳಿಯಾಗಿದ್ದರೆ ಸರಿ, ಅರಿಶಿನದ ನೀರಿನಂತಿದ್ದರೆ ಸಾಲದು. ಬಿ ವಿಟಮಿನ್ ಮಾತ್ರೆ ನುಂಗುವವರ ಮೂತ್ರ ಹೇಗಿದ್ದರೂ ಹಳದಿಯಾಗುವುದರಿಂದ ಅವರಿಗೆ ಈ ಪರೀಕ್ಷೆ ಸಲ್ಲುವುದಿಲ್ಲ. ಹೃದಯ ದುರ್ಬಲವಾಗಿರುವವರು ಮತ್ತು ಮೂತ್ರಪಿಂಡ ಸೋತು ಕಾಲು ಬಾತಿರುವವರು ಇಷ್ಟು ನೀರು ಕುಡಿಯಲೇಬಾರದು ಎಂಬುದನ್ನೂ ಮರೆಯದೆ ಹೇಳುತ್ತೇನೆ.

"ನೀರ ಭಾಳ ಕುಡೀತೀನ್ರೀ ಸರ್" ಎಂದವರ ಕ್ಯಾನಿನಲ್ಲಿ 800, 900 ಮಿಲಿಲೀಟರ್ ಕಂಡದ್ದು ಎಷ್ಟು ಸಲವೋ. ಅಕ್ಕಿ ಗಿರಣಿಯ ಹಮಾಲರು, ಭತ್ತ ಕೊಯ್ಯುವ ಯಂತ್ರದ ಚಾಲಕರು, ಗಲ್ಫ್‌ನಿಂದ ರಜೆಗೆ ಬಂದ ಗಾರೆ ಕೆಲಸದವರು, ಇವರೆಲ್ಲ ಕುಡಿಯುವುದು ನಿಜವಾಗಿಯೂ ಹೆಚ್ಚೇ, ಆದರೆ ಬೆವರು ಅದಕ್ಕಿಂತ ಹೆಚ್ಚು. ಹೆಣ್ಣುಮಕ್ಕಳ ಸಂಗತಿ ಬೇರೆ. ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕಿ ಮೂರನೆಯ ಸಲ ಕಲ್ಲಿನ ನೋವಿನಿಂದ ಬಂದಾಗ, ಹಿಂದಿನ ಎರಡು ಸಲ ಹೇಳಿದ್ದ ಅದೇ ಮಾತನ್ನು, ನೀರು ಕುಡಿಯಿರಿ ಎಂದು, ಬೇಸರದಿಂದಲೇ ಹೇಳಿದೆ. ಅವರು ತಲೆ ತಗ್ಗಿಸಿ, ತಾವು ಕಲಿಸುವ ಊರಿನ ಶಾಲೆಯಲ್ಲಿ ಶೌಚಾಲಯಕ್ಕೆ ನೀರಿಲ್ಲವೆಂದೂ, ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಐದೂವರೆಗೆ ಮರಳಿ ಬರುವವರೆಗೆ ಒಂದು ಗುಟುಕೂ ಕುಡಿಯುವುದಿಲ್ಲವೆಂದೂ ಹೇಳಿದರು. ಹತ್ತಿ ಬಿಡಿಸಲು, ಭತ್ತ ನಾಟಿ ಮಾಡಲು ಹೋಗುವ ಹೆಂಗಸರ ಕಥೆಯೂ ಇದೇ: ಬಯಲಿನಲ್ಲಿ ಮರೆಯಿಲ್ಲ, ಆದ್ದರಿಂದ ಕುಡಿಯುವುದಿಲ್ಲ. ಇಷ್ಟು ವರ್ಷ ಅವರ ದೋಷವೆಂದು ನಾನು ತಿಳಿದದ್ದು ಊರಿನ ದೋಷವಾಗಿತ್ತು. ಈಗ ಹೆಣ್ಣುಮಕ್ಕಳಿಗೆ ನೀರಿನ ಮಾತು ಹೇಳುವ ಮುಂಚೆ ಕೆಲಸದ ಜಾಗದಲ್ಲಿ ಹೋಗಲು ಅನುಕೂಲವಿದೆಯೇ ಎಂದು ಕೇಳುತ್ತೇನೆ. ಇಲ್ಲವೆಂದರೆ ಬೆಳಗಿನ ಜಾವ, ಸಂಜೆ ಮತ್ತು ರಾತ್ರಿಗೆ ನೀರನ್ನು ಹಂಚಿಕೊಡುತ್ತೇನೆ. ಅದು ಪೂರ್ತಿ ಪರಿಹಾರವಲ್ಲ ಎಂಬುದು ನನಗೆ ಗೊತ್ತಿದೆ. ಶಿಕ್ಷಕಿಯ ಶಾಲೆಗೆ ನೀರಿನ ಟ್ಯಾಂಕ್ ಬೇಕೆಂದು ಊರಿನವರ ಜೊತೆ ಹೋಗಿ ಕೇಳಿ, ಅದು ಬರಲು ಒಂದು ವರ್ಷ ಹಿಡಿಯಿತು. ಆಮೇಲೆ ಅವರಿಗೆ ಕಲ್ಲಿನ ನೋವು ಬಂದದ್ದು ನನ್ನ ದಾಖಲೆಯಲ್ಲಿಲ್ಲ.

ಆಹಾರದ ಭಯಗಳನ್ನು ಬಿಡಿಸುವುದಕ್ಕೆ ಔಷಧ ಬರೆಯುವುದಕ್ಕಿಂತ ಹೆಚ್ಚು ಸಮಯ ಬೇಕಾಗುತ್ತದೆ. ಟೊಮೆಟೊ ಬೀಜವೇ ಹೊಟ್ಟೆಯಲ್ಲಿ ಕಲ್ಲಾಗುತ್ತದೆ ಎಂಬ ನಂಬಿಕೆ ನಮ್ಮ ರಾಜ್ಯದ ಮೂಲೆಮೂಲೆಯಲ್ಲಿದೆ. ಬೀಜ ಕರುಳನ್ನು ದಾಟಿ ಮೂತ್ರಪಿಂಡಕ್ಕೆ ಹೋಗುವ ದಾರಿಯೇ ಇಲ್ಲ, ಟೊಮೆಟೊದಲ್ಲಿ ಆಕ್ಸಲೇಟ್ ಕೂಡ ಕಡಿಮೆ. ಆಕ್ಸಲೇಟ್ ನಿಜವಾಗಿ ಹೆಚ್ಚಿರುವುದು ಪಾಲಕ್, ಹರಿವೆ, ಬೀಟ್ರೂಟ್, ಬಾದಾಮಿ, ಗೋಡಂಬಿಗಳಲ್ಲಿ. ಇವನ್ನೂ ಪೂರ್ತಿ ಬಿಡಿಸುವುದಿಲ್ಲ, ದಿನವೂ ತಿನ್ನುವುದನ್ನು ಬಿಡಿಸಿ, ತಿಂದ ದಿನ ಜೊತೆಗೆ ಮೊಸರಿರಲಿ ಎನ್ನುತ್ತೇನೆ. ಹೊಟ್ಟೆಗೆ ಒಳ್ಳೆಯದೆಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಸಿ ಪಾಲಕ್ ರಸ ಕುಡಿಯುವ ಹೊಸ ರೂಢಿಯನ್ನು ಮಾತ್ರ ಕಡ್ಡಾಯವಾಗಿ ನಿಲ್ಲಿಸುತ್ತೇನೆ. ಹಳೆ ಮೈಸೂರು ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದವರು ರಾಗಿ ಮುದ್ದೆ ಬಿಡಬೇಕೇ ಎಂದು ಕೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಸ್ವಲ್ಪ ಆಕ್ಸಲೇಟೂ ಇದೆ, ಬಿಡಬೇಕಾಗಿಲ್ಲ. ದಿನಾಲೂ ಸಾವಿರ ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆ ನುಂಗುವವರಿಗೆ ಬಿಡಿ ಎನ್ನುತ್ತೇನೆ, ಏಕೆಂದರೆ ದೇಹ ಅದರ ಒಂದಂಶವನ್ನು ಆಕ್ಸಲೇಟ್ ಆಗಿ ಬದಲಿಸುತ್ತದೆ. ಬೋರ್‌ವೆಲ್‌ನ ಗಡಸು ನೀರಿನಿಂದಲೇ ಕಲ್ಲು ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದವರನ್ನು ಕಂಡಾಗ ಮನಸ್ಸಿಗೆ ಬಹಳ ನೋವಾಗುತ್ತದೆ. ಗಡಸು ನೀರು ಕಲ್ಲಿಗೆ ಕಾರಣವೆಂದು ಅಧ್ಯಯನಗಳು ಒಮ್ಮತದಿಂದ ಹೇಳಿಲ್ಲ. ಕಡಿಮೆ ನೀರು ಕಾರಣವೆಂದು ಹೇಳಿವೆ.

ಬಾಳೆದಿಂಡಿನ ರಸ, ಹುರುಳಿ ಕಟ್ಟು, ನೆಗ್ಗಿಲಿನ ಕಷಾಯಗಳ ಬಗ್ಗೆ ಕೇಳದ ರೋಗಿಯಿಲ್ಲ. ಕಲ್ಲು ಸಣ್ಣದಿದ್ದು, ಜ್ವರವಿಲ್ಲದೆ, ಮೂತ್ರಪಿಂಡ ಉಬ್ಬದೆ ಇದ್ದರೆ, ಬಾಳೆದಿಂಡಿನ ಪಲ್ಯವನ್ನಾಗಲಿ ಹುರುಳಿ ಸಾರನ್ನಾಗಲಿ ನಾನು ಬೇಡವೆನ್ನುವುದಿಲ್ಲ, ದಿನಕ್ಕೆ ಎರಡು ಲೋಟ ಹೆಚ್ಚು ದ್ರವ ಹೊಟ್ಟೆಗೆ ಸೇರಿದಂತಾಯಿತು. ಆದರೆ 4 ಮಿಲಿಮೀಟರಿನ ಕಲ್ಲು ಬಿದ್ದ ಕೀರ್ತಿಯನ್ನು ಕಷಾಯಕ್ಕೆ ಕೊಟ್ಟು, ಅದೇ ಕಷಾಯವನ್ನು 12 ಮಿಲಿಮೀಟರಿನ ಕಲ್ಲು ನಾಳವನ್ನು ಮುಚ್ಚಿಕೊಂಡಿರುವ ನೆರೆಯವರಿಗೆ ಹೇಳಿದಾಗ ಅನಾಹುತವಾಗುತ್ತದೆ. ಬಿಯರ್ ಕುಡಿದರೆ ಕಲ್ಲು ಹೋಗುತ್ತದೆಂಬ ಮಾತಿಗೆ ಆಧಾರವಿಲ್ಲ.

ಒಂದು ಅನಾಹುತವನ್ನು ನಾನೇ ಕಂಡಿದ್ದೇನೆ. ಐವತ್ತರ ಆಸುಪಾಸಿನ ರೈತರೊಬ್ಬರಿಗೆ ಪಕ್ಕೆ ನೋವು ಬಂದು ನಾಲ್ಕು ದಿನದಲ್ಲಿ ತಾನಾಗಿ ನಿಂತಿತು. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಇದೆಯೆಂದು ಗೊತ್ತಿದ್ದರೂ, ನೋವು ನಿಂತಿದ್ದರಿಂದ ಕಲ್ಲು ಬಿದ್ದಿತೆಂದು ತಿಳಿದು ಅವರು ಏಳು ತಿಂಗಳು ಯಾರ ಬಳಿಗೂ ಹೋಗಲಿಲ್ಲ. ಬೇರೆ ಕಾಯಿಲೆಗೆ ನನ್ನ ಬಳಿ ಬಂದಾಗ ಸ್ಕ್ಯಾನ್ ಮಾಡಿಸಿದರೆ ಆ ಬದಿಯ ಮೂತ್ರಪಿಂಡ ನೀರು ತುಂಬಿದ ತೆಳ್ಳನೆಯ ಚೀಲದಂತಾಗಿತ್ತು. ಮುಚ್ಚಿದ ನಾಳದ ಮೇಲಿನ ಮೂತ್ರಪಿಂಡ ಕೆಲಸ ಕಡಿಮೆ ಮಾಡಿದಂತೆಲ್ಲ ನೋವೂ ಕಡಿಮೆಯಾಗುತ್ತದೆ. ಆದ್ದರಿಂದ ಕಲ್ಲು ಕಣ್ಣಿಗೆ ಬಿದ್ದಿದ್ದರೆ ಸರಿ, ಇಲ್ಲದಿದ್ದರೆ ನೋವಿರಲಿ ಇಲ್ಲದಿರಲಿ ನಾಲ್ಕು ವಾರದೊಳಗೆ ಮತ್ತೆ ಸ್ಕ್ಯಾನ್ ಆಗಲೇಬೇಕೆಂದು ಚೀಟಿಯ ಮೇಲೆ ದಿನಾಂಕ ಬರೆದುಕೊಡುತ್ತೇನೆ. ಆ ದಿನಾಂಕಕ್ಕೆ ಬಾರದವರಿಗೆ ದವಾಖಾನೆಯಿಂದ ಫೋನ್ ಹೋಗುತ್ತದೆ.

ಇದಕ್ಕಿಂತ ಬೇಗ ಜೀವ ತೆಗೆಯುವುದು ಜ್ವರ. ಕಲ್ಲು ನಾಳವನ್ನು ಮುಚ್ಚಿ, ಅದರ ಮೇಲಿನ ಮೂತ್ರದಲ್ಲಿ ಸೋಂಕು ಸೇರಿ, ಚಳಿಜ್ವರ ಬಂದರೆ ಮಾತ್ರೆ ಕೊಟ್ಟು ಮನೆಗೆ ಕಳಿಸುವಂತಿಲ್ಲ. ಆ್ಯಂಟಿಬಯೋಟಿಕ್ ಅಲ್ಲಿಗೆ ಸರಿಯಾಗಿ ತಲುಪುವುದೇ ಇಲ್ಲ. ಮೊದಲು ಕೀವನ್ನು ಹರಿಯಬಿಡಬೇಕು, ಕೆಳಗಿನಿಂದ ಸ್ಟೆಂಟ್ ಹಾಕಿಯೋ, ಬೆನ್ನಿನಿಂದ ನಳಿಕೆ ಇಳಿಸಿಯೋ. ಕಲ್ಲು ತೆಗೆಯುವುದು ಸೋಂಕು ಇಳಿದ ಮೇಲಿನ ಕೆಲಸ. ಸಕ್ಕರೆ ಕಾಯಿಲೆಯಿದ್ದ ಒಬ್ಬ ತಾಯಿಯನ್ನು ರಾತ್ರಿ ಹನ್ನೊಂದಕ್ಕೆ ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಕಳಿಸಿ, ಅವರು ಹತ್ತು ದಿನದ ನಂತರ ನಡೆದು ಮನೆಗೆ ಬಂದರು. ಬೆಳಗಿನವರೆಗೆ ಕಾದಿದ್ದರೆ ಬರುತ್ತಿರಲಿಲ್ಲ. ಮೂತ್ರ ಪೂರ್ತಿ ನಿಂತವರು, ಒಂದೇ ಮೂತ್ರಪಿಂಡ ಇರುವವರು, ಗರ್ಭಿಣಿಯರು, ಇವರನ್ನೂ ನಾನು ಇಲ್ಲಿ ಇಟ್ಟುಕೊಳ್ಳುವುದಿಲ್ಲ.

ಕಲ್ಲು ತೆಗೆಯುವ ವಿಧಾನಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ಅದು ತಜ್ಞರ ಕ್ಷೇತ್ರ. 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಸಲ ಮನುಷ್ಯನ ಮೇಲೆ ಬಳಸಿದ ಆಘಾತ ತರಂಗಗಳು, ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ದೊಡ್ಡ ಕಲ್ಲನ್ನು ತೆಗೆಯುವ ವಿಧಾನ, ಮೂತ್ರದ್ವಾರದಿಂದ ಹೋಗಿ ಲೇಸರ್ ಮಾಡುವುದು, ಇವುಗಳಲ್ಲಿ ಯಾವುದು ಎಂಬುದು ಕಲ್ಲಿನ ಗಾತ್ರ, ಗಟ್ಟಿತನ, ಇರುವ ಜಾಗವನ್ನು ಅವಲಂಬಿಸಿದೆ. ಇದರಲ್ಲಿ ಒಂದೇ ಸಂಗತಿಗೆ ನಾನು ಹಟ ಹಿಡಿಯುತ್ತೇನೆ, ಅದು ಸ್ಟೆಂಟ್. ದೂರದ ಊರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಯುವಕನೊಬ್ಬನ ಒಳಗೆ ಎರಡು ವರ್ಷದ ಸ್ಟೆಂಟ್ ಉಳಿದುಹೋಗಿತ್ತು. ಅದನ್ನು ತೆಗೆಸಬೇಕೆಂದು ಅವನಿಗೆ ಅರ್ಥವಾಗುವಂತೆ ಯಾರೂ ಹೇಳಿರಲಿಲ್ಲ. ಸ್ಟೆಂಟಿನ ಸುತ್ತಲೇ ಕಲ್ಲು ಬೆಳೆದು, ತೆಗೆಯಲು ಎರಡು ಶಸ್ತ್ರಚಿಕಿತ್ಸೆ ಬೇಕಾದವು. ಅಂದಿನಿಂದ ಸ್ಟೆಂಟ್ ಹಾಕಿಸಿಕೊಂಡು ಬಂದವರ ಹೆಸರನ್ನು ಬೇರೆಯೇ ಒಂದು ವಹಿಯಲ್ಲಿ ಬರೆದಿಟ್ಟು, ತೆಗೆಸಿದ ಮೇಲಷ್ಟೇ ಹೆಸರಿನ ಮೇಲೆ ಗೆರೆ ಎಳೆಯುತ್ತೇನೆ.

ಕಲ್ಲನ್ನು ಪರೀಕ್ಷೆಗೆ ಕಳಿಸಬೇಕೆಂದು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂಬುದಕ್ಕೆ ಒಬ್ಬ ಬಟ್ಟೆ ವ್ಯಾಪಾರಿಯ ಉದಾಹರಣೆ ಸಾಕು. ಸಕ್ಕರೆ ಕಾಯಿಲೆ, ದಪ್ಪ ಮೈ, ಮೂರು ವರ್ಷದಲ್ಲಿ ಎರಡು ಶಸ್ತ್ರಚಿಕಿತ್ಸೆ ಆಗಿದ್ದ ಅವರು ಚಹಾ ಸೋಸುವ ಜರಡಿಯಲ್ಲಿ ಹಿಡಿದ ಸಣ್ಣ ಕಲ್ಲೊಂದನ್ನು ಬೆಂಕಿಪೆಟ್ಟಿಗೆಯಲ್ಲಿ ತಂದರು. ಅದು ಯೂರಿಕ್ ಆಮ್ಲದ ಕಲ್ಲು. ಇಂಥ ಕಲ್ಲು ಸಾಮಾನ್ಯ ಎಕ್ಸ್-ರೇಯಲ್ಲಿ ಕಾಣುವುದಿಲ್ಲ, ಮೂತ್ರ ಹುಳಿಯಾಗಿದ್ದಾಗ ಕಟ್ಟುತ್ತದೆ, ಹುಳಿಯನ್ನು ಮುರಿದರೆ ಕರಗುತ್ತದೆ. ಅವರ ಮೂತ್ರದ ಪಿಎಚ್ 5 ಇತ್ತು, ಅಂದರೆ ಹುಳಿ ಹೆಚ್ಚು. ಒಳಗೆ ಇನ್ನೂ 11 ಮಿಲಿಮೀಟರಿನ ಕಲ್ಲು ಇದ್ದರೂ ನಾಳ ಮುಚ್ಚಿರಲಿಲ್ಲ, ಸೋಂಕಿರಲಿಲ್ಲ. ಮೂತ್ರಪಿಂಡದ ಕೆಲಸವನ್ನೂ ರಕ್ತದ ಪೊಟ್ಯಾಸಿಯಂ ಅನ್ನೂ ನೋಡಿಕೊಂಡು ಪೊಟ್ಯಾಸಿಯಂ ಸಿಟ್ರೇಟ್ ಆರಂಭಿಸಿ, ಪಿಎಚ್ ಪಟ್ಟಿಯನ್ನು ಕೈಗೆ ಕೊಟ್ಟು, ದಿನಕ್ಕೆ ಮೂರು ಸಲ ನೋಡಿ 6.5ರಿಂದ 7ರ ನಡುವೆ ಇಟ್ಟುಕೊಳ್ಳಿ ಎಂದೆ. ಅವರು ಅಂಗಡಿಯ ಲೆಕ್ಕದ ಪುಸ್ತಕದಲ್ಲೇ ಅದನ್ನು ತಪ್ಪದೆ ಬರೆದರು. ಮೂರೂವರೆ ತಿಂಗಳಿಗೆ ಸ್ಕ್ಯಾನ್‌ನಲ್ಲಿ ಕಲ್ಲು ಇರಲಿಲ್ಲ. ಹಿಂದಿನ ಎರಡು ಸಲ ತೆಗೆದ ಕಲ್ಲುಗಳನ್ನು ಯಾರಾದರೂ ಪರೀಕ್ಷಿಸಿದ್ದರೆ ಮೂರನೆಯದು ಕಟ್ಟುತ್ತಿರಲಿಲ್ಲ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಹಾಗೆಯೇ ಮತ್ತೆಮತ್ತೆ ಕ್ಯಾಲ್ಸಿಯಂ ಕಲ್ಲಾಗುವವರ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ರಕ್ತದ ಕ್ಯಾಲ್ಸಿಯಂ ಅನ್ನು ಹತೋಟಿಯಲ್ಲಿಡುವ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯನ್ನು ಪರೀಕ್ಷಿಸಬೇಕಾಗುತ್ತದೆ. ನನ್ನ ರೋಗಿಗಳಲ್ಲಿ ಇಬ್ಬರಿಗೆ ಹಾಗೆ ಕಾರಣ ಸಿಕ್ಕಿತು.

ಕ್ಯಾಲ್ಸಿಯಂ ಕಲ್ಲು ಮರಳದಿರಲು ಹೈಡ್ರೋಕ್ಲೋರೋಥೈಯಜೈಡ್ ಮಾತ್ರೆಯನ್ನು ನಾನೂ ಹಲವರಿಗೆ ವರ್ಷಗಟ್ಟಲೆ ಬರೆದಿದ್ದೆ. 2023ರಲ್ಲಿ ಪ್ರಕಟವಾದ, 416 ಜನರ ಮೇಲೆ ನಡೆದ ಸ್ವಿಟ್ಜರ್ಲೆಂಡಿನ ಅಧ್ಯಯನದಲ್ಲಿ ಅದರ ಮೂರು ಪ್ರಮಾಣಗಳೂ ಹುಸಿಮಾತ್ರೆಗಿಂತ ಹೆಚ್ಚೇನೂ ತಡೆಯಲಿಲ್ಲ ಎಂದು ಕಂಡುಬಂದ ಮೇಲೆ, ಪ್ರತಿಯೊಬ್ಬರನ್ನೂ ಕರೆಸಿ ವಿಚಾರ ಮಾಡಿ, ಮೂತ್ರದ ಕ್ಯಾಲ್ಸಿಯಂ ಬಹಳ ಹೆಚ್ಚಿರುವ ಕೆಲವರನ್ನು ತಜ್ಞರ ಸಲಹೆಗೆ ಬಿಟ್ಟು ಉಳಿದವರಿಗೆ ನಿಲ್ಲಿಸಿದೆ. ಅವರಿಗೆ ಮತ್ತೆ ಕ್ಯಾನ್ ಕೊಟ್ಟು ಕಳಿಸಿದೆ.

ನನ್ನ ಎಡ ಮೂತ್ರಪಿಂಡದ ಕೆಳಭಾಗದಲ್ಲಿ ಈಗಲೂ 4 ಮಿಲಿಮೀಟರಿನ ಕಲ್ಲೊಂದಿದೆ. ಆರು ವರ್ಷಗಳಿಂದ ಪ್ರತಿ ಜನವರಿಯಲ್ಲಿ ಅದನ್ನು ಸ್ಕ್ಯಾನ್ ಮಾಡಿಸಿ ನೋಡುತ್ತಿದ್ದೇನೆ. ಬೆಳೆದಿಲ್ಲ, ಇಳಿದಿಲ್ಲ, ತೆಗೆಯಬೇಕಾದ ಅಗತ್ಯವೂ ಬಂದಿಲ್ಲ. ಮಾರ್ಚ್ ಮೊದಲ ವಾರ ಬಿಸಿಲು ಏರುತ್ತಿದ್ದಂತೆ ಶೌಚಾಲಯದ ಮೂಲೆಯಲ್ಲಿ ಕ್ಯಾನ್ ಇಟ್ಟುಕೊಂಡು ಒಂದು ದಿನ ಅಳೆಯುತ್ತೇನೆ. ಕಳೆದ ಸಲ 1,900 ಬಂದಿತ್ತು. ಮರುದಿನದಿಂದ ನೀರಿನ ಬಾಟಲಿಯೊಂದನ್ನು ಹೆಚ್ಚಿಗೆ ತುಂಬಿಸಿ ಮೇಜಿನ ಮೇಲಿಟ್ಟೆ.